ಹೊಸ್ತಿಲ ಹೊರಗಿನ ಎತ್ತರ

ನಮ್ಮ ತಾಯಿಯ ಕಡೆಯ ಹೆಂಗಸರಲ್ಲಿ ಅಟ್ಟದ ಡಬ್ಬಿಗೆ ಕೈ ಎಟುಕಿದವರು ಯಾರೂ ಇಲ್ಲ. ಅಜ್ಜಿ ಗಿಡ್ಡ, ಅಮ್ಮ ಗಿಡ್ಡ, ಅಕ್ಕ ಗಿಡ್ಡ, ನಾನು ಅಕ್ಕನಿಗಿಂತ ಒಂದು ಬೆರಳು ಕಡಿಮೆ. ಯಾರಾದರೂ ಆಡಿಕೊಂಡರೆ ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, "ಒನಕೆ ಉದ್ದ ಇದ್ದು ಎಂತ ಮಾಡಿತು? ಬಡಿಸಲಿಕ್ಕೆ ಸೌಟೇ ಆಗಬೇಕು" ಎನ್ನುತ್ತಿದ್ದರು. ಆ ಮಾತನ್ನು ನಂಬಿಕೊಂಡು ನಾನು ಬೆಳೆದೆ. ಅಕ್ಕ ನಂಬಲಿಲ್ಲ.

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನನ್ನದೊಂದು ಸಣ್ಣ ಬಟ್ಟೆಯಂಗಡಿ ಇದೆ. ಮುಂದೆ ರೆಡಿಮೇಡು, ಹಿಂದೆ ಪರದೆಯ ಆಚೆ ಒಂದು ಹೊಲಿಗೆ ಮೆಶಿನು. ಹಾಸ್ಟೆಲಿನ ಹುಡುಗಿಯರು, ನರ್ಸುಗಳು, ಟೀಚರುಗಳು ಬರುತ್ತಾರೆ. ಅವರಲ್ಲಿ ಗಿಡ್ಡ ಇದ್ದವರು ಜೀನ್ಸಿನ ರಾಶಿಯ ಹತ್ತಿರ ನಿಲ್ಲುವ ರೀತಿಯೇ ಬೇರೆ. ಬಟ್ಟೆಗೆ ಕೈ ಹಾಕುವ ಮೊದಲೇ, "ನನಗೆ ಇದು ಆಗ್ಲಿಕ್ಕಿಲ್ಲ ಅಲ್ವಾ ಅಕ್ಕ" ಎಂದು ಕೇಳುತ್ತಾರೆ, ತಪ್ಪು ತಮ್ಮ ಕಾಲಿನದ್ದು ಎನ್ನುವ ಹಾಗೆ.

ತಪ್ಪು ಕಾಲಿನದ್ದಲ್ಲ. ಜೀನ್ಸು ಮಾಡುವವರು ಯಾರೋ ಒಬ್ಬ ಉದ್ದದ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡು ಕತ್ತರಿ ಹಾಕಿರುತ್ತಾರೆ. ಅವಳ ಮೊಣಕಾಲು ಬರುವ ಜಾಗದಲ್ಲಿ ನಮ್ಮ ಮೀನಖಂಡ ಬಂದಿರುತ್ತದೆ. ಆದ್ದರಿಂದ ಪ್ಯಾಂಟಿನ ಬುಡವನ್ನಷ್ಟೇ ಕತ್ತರಿಸಿ ಕೊಟ್ಟರೆ ಸಾಲದು. ಮೊಣಕಾಲಿನ ಜಾಗವನ್ನು ಮೇಲೆ ತಂದು ಅಲ್ಲಿಂದ ಕೆಳಕ್ಕೆ ಎರಡೂ ಬದಿ ಸ್ವಲ್ಪ ಒಳಗೆ ಹಿಡಿಯಬೇಕು. ಸೊಂಟಪಟ್ಟಿ ಹೊಕ್ಕುಳಿನ ಮೇಲೆ ನಿಲ್ಲಬೇಕು, ನೋಡುವವರ ಕಣ್ಣು ಕಾಲನ್ನು ಅಳೆಯಲು ತೊಡಗುವುದು ಅಲ್ಲಿಂದ. ಕುರ್ತಿ ತೊಡೆಯ ನಡುವಿಗೆ ಬಂದು ನಿಂತರೆ ಹೆಂಗಸು ಎರಡು ತುಂಡಾಗಿ ಕಾಣುತ್ತಾಳೆ. ಒಂದೋ ಅದು ಸೊಂಟದ ಎಲುಬಿನ ಹತ್ತಿರ ಮುಗಿಯಬೇಕು, ಇಲ್ಲವಾದರೆ ಒಳಗೆ ಸಿಕ್ಕಿಸಬೇಕು. ಗಾಢ ನೀಲಿ ಒಳ್ಳೆಯದು. ತೊಡೆಯ ಮೇಲೆ ಅಡ್ಡಡ್ಡ ಬಿಳಿಚಿಕೊಂಡದ್ದು ಬೇಡ. ಹಿಂದಿನ ಕಿಸೆ ಸಣ್ಣದಿರಲಿ, ಸ್ವಲ್ಪ ಮೇಲೆಯೇ ಇರಲಿ. ಬುಡ ಕಾಲಗಂಟಿನ ಮೇಲೆ ಮುಗಿಯಲಿ, ಗಂಟು ಕಾಣಲಿ. ಏನೇ ಆದರೂ ಬುಡವನ್ನು ಮಡಚಬಾರದು. ಮಡಚಿದ ಕೂಡಲೇ ಅಣ್ಣನ ಪ್ಯಾಂಟು ಏರಿಸಿಕೊಂಡು ಬಂದ ಹಾಗೆ ಆಗುತ್ತದೆ.

ಇಷ್ಟು ಮಾಡಿದರೂ ಯಾರೂ ಉದ್ದ ಆಗುವುದಿಲ್ಲ. ಬಟ್ಟೆ ತನಗೆಂದೇ ಹೊಲಿದದ್ದು ಎಂದು ಕಾಣುತ್ತದೆ, ಅಷ್ಟೇ. ಪರದೆ ಸರಿಸಿ ಹೊರಗೆ ಬರುವಾಗ ಬೆನ್ನು ನೆಟ್ಟಗಿರುತ್ತದೆ. ನಾನು ಮಾರುವುದು ಹೆಚ್ಚಾಗಿ ಅದನ್ನೇ.

ಅಕ್ಕನ ಮಗಳು ನನ್ನ ಕೈಯಲ್ಲಿ ಸರಿಯಾದ ಜೀನ್ಸು ತೊಟ್ಟೇ ದೊಡ್ಡವಳಾದವಳು. ಪುಂಜಾಲಕಟ್ಟೆಯ ಹತ್ತಿರ ಅವರ ಮನೆ. ಉಜಿರೆಯಲ್ಲಿ ಓದಿ ಬೆಳ್ತಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳೂ ನಮ್ಮ ಅಳತೆಯವಳೇ. ಆದರೆ ನಡಿಗೆಯಲ್ಲಿ ಆ ಸಂಕೋಚ ಇರಲಿಲ್ಲ. ತುಂಬಿದ ಬಸ್ಸಿನಲ್ಲಿ ಮೇಲಿನ ಸರಳು ಎಟುಕದಿದ್ದರೆ ಪಕ್ಕದವರನ್ನು, "ನಿಮ್ಮ ಕೈ ಹಿಡ್ಕೊಳ್ಳುವುದಾ, ಕಂಡಕ್ಟರನ ಚೀಲ ಹಿಡ್ಕೊಳ್ಳುವುದಾ, ನೀವೇ ಹೇಳಿ" ಎಂದು ಕೇಳುವವಳು.

ಅವಳಿಗೆ ವೇಣೂರಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಶಾರ್ಜಾದಲ್ಲಿದ್ದ. ಈಗೆಲ್ಲ ಹೆಣ್ಣು ನೋಡುವ ಮೊದಲೇ ನಂಬರು ಕೊಡುತ್ತಾರೆ, ಇಬ್ಬರೂ ಕೆಲವು ತಿಂಗಳು ಮಾತಾಡಿಕೊಂಡರು. ಒಂದು ಭಾನುವಾರ ಅವಳು ನನ್ನ ಮೆಶಿನಿನ ಪಕ್ಕದ ಸ್ಟೂಲಿನಲ್ಲಿ ಕುಳಿತು, ಕಾಲು ಆಡಿಸುತ್ತ, "ಚಿಕ್ಕಮ್ಮ, ಇದೊಂದು ಆಗ್ಬೇಕು ನನಗೆ" ಎಂದಳು. ಅವಳ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿದ್ದೇ ಇಲ್ಲ.

"ಎತ್ತರ ಹೇಳಿದ್ದೀಯಾ ಅವನಿಗೆ?"

"ಮೊದಲೇ ಹೇಳಿದೆ. ನನಗೆ ಬೇಕಾದ್ದು ಹೆಂಡತಿ, ತೆಂಗಿನಕಾಯಿ ತೆಗೆಯುವವಳಲ್ಲ ಅಂತ ಹೇಳಿದ್ರು."

ನಾನು ನಕ್ಕೆ. ಹುಡುಗ ಅಡ್ಡಿಯಿಲ್ಲ ಎನಿಸಿತು. ಅವಳಿಗೆಂದು ಒಂದು ಗಾಢ ನೀಲಿ ಜೀನ್ಸನ್ನು ಎತ್ತಿಟ್ಟು, ಮೊಣಕಾಲಿನ ಹೊಲಿಗೆ ಬಿಚ್ಚಿ, ಮನಸ್ಸಿಟ್ಟು ಹೊಲಿದೆ. ಹುಡುಗನಿಗೆ ಹಳೆಯ ಕ್ರಮ ಬೇಡವಂತೆ, ಚಾ ತಟ್ಟೆ ಹಿಡಿದುಕೊಂಡು ಬರುವುದೆಲ್ಲ ಇಲ್ಲವಂತೆ. ಅವನು ರಜೆಗೆ ಬಂದಾಗ ಮೂಡುಬಿದಿರೆಯ ಒಂದು ಹೋಟೆಲಿನಲ್ಲಿ ಎರಡೂ ಮನೆಯವರು ಸೇರುವುದೆಂದು ಆಗಿತ್ತು. ಜೀನ್ಸೇ ಸಾಕು ಎಂದು ಅವನೇ ಹೇಳಿದ್ದನಂತೆ.

ನನಗೆ ತಿಳಿಯದೆ ನಡೆದದ್ದು ಬೇರೆ ಇತ್ತು. ಹುಡುಗನ ತಾಯಿ ನೆಂಟಸ್ತಿಕೆ ತಂದವರ ಮೂಲಕ, "ಹುಡುಗಿ ಸ್ವಲ್ಪ ಗಿಡ್ಡ ಅಂತೆ, ಹೌದಾ?" ಎಂದು ಕೇಳಿಸಿದ್ದರು. ಅಕ್ಕ, "ಅಷ್ಟೇನೂ ಇಲ್ಲ" ಎಂದುಬಿಟ್ಟಿದ್ದಳು. ಆ ಮಾತಿಗೆ ಸರಿಯಾಗಿ ಮಗಳನ್ನು ನಿಲ್ಲಿಸಬೇಕಲ್ಲ. ಉದ್ದ ಕಾಣುವುದು ಹೇಗೆಂದು ಮೊಬೈಲಿನಲ್ಲಿ ಯಾರೋ ಹೇಳಿಕೊಡುವುದನ್ನು ನೋಡಿ ಮಂಗಳೂರಿಗೆ ಹೋಗಿ ಬಂದಿದ್ದಳು.

ಆ ದಿನ ನನ್ನನ್ನು ಕರೆದುಕೊಂಡು ಹೋಗಲು ಕಾರು ಅಂಗಡಿಯ ಮುಂದೆ ನಿಂತಿತು. ಇಳಿದ ಹುಡುಗಿಯನ್ನು ನೋಡಿ ಒಂದು ಕ್ಷಣ ಯಾರೆಂದೇ ಗೊತ್ತಾಗಲಿಲ್ಲ. ಮೊಣಕಾಲಿನಿಂದ ಕೆಳಗೆ ಗಂಟೆಯ ಹಾಗೆ ಅಗಲವಾದ ಉದ್ದ ಜೀನ್ಸು, ಬುಡ ನೆಲಕ್ಕೆ ತಾಗಿಯೂ ತಾಗದ ಹಾಗೆ. ಒಳಗೆ ಗೇಣುದ್ದದ ಹಿಮ್ಮಡಿಯ ಚಪ್ಪಲಿ. ಹೊರಗಿನಿಂದ ಚಪ್ಪಲಿಯ ತುದಿ ಮಾತ್ರ ಕಾಣುತ್ತಿತ್ತು. ಕೆಲಸ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕಾಲು ಸೊಂಟದಿಂದ ನೆಲದವರೆಗೆ ಒಂದೇ ಧಾರೆಯಾಗಿ ಇಳಿದಿತ್ತು.

"ಇದೆಂತ ಮಗಾ? ನಾನು ಹೊಲಿದದ್ದು ಎಲ್ಲಿ?"

ಅವಳು ತಾಯಿಯ ಕಡೆ ನೋಡಿದಳು. ಅಕ್ಕ ಹೇಳಿದಳು, "ನೀನು ಹೊಲಿದದ್ದರಲ್ಲಿ ಇದ್ದ ಹಾಗೆಯೇ ಕಾಣ್ತಾಳೆ."

"ಚಪ್ಪಲಿ ಕಳಚುವಾಗ ಎಂತ ಮಾಡ್ತಿ?"

"ಹೋಟೆಲಿನಲ್ಲಿ ಯಾರು ಚಪ್ಪಲಿ ಕಳಚ್ತಾರೆ ಮಾರಾಯ್ತಿ? ನೀನು ಶುರುವಿಗೇ ಅಪಶಕುನ ಮಾತಾಡ್ಬೇಡ."

ಹೋಟೆಲಿನಲ್ಲಿ ಎಲ್ಲ ಚೆನ್ನಾಗಿಯೇ ಆಯಿತು. ಹುಡುಗ ಎತ್ತರದವನು, ಮೆಲುಮಾತಿನವನು. ಅವಳನ್ನು ನೋಡಿದ ಕೂಡಲೇ ಅವನ ಮುಖದಲ್ಲಿ ಒಂದು ಗೊಂದಲ ಹಾದುಹೋದದ್ದು ನನಗೆ ಕಂಡಿತು. ಆಮೇಲೆ ಸಂತೋಷಪಟ್ಟ ಹಾಗೆ ಕಂಡ. ತಾಯಿಯೂ ಅವನ ಹಾಗೆಯೇ ನೆಟ್ಟಗಿನ ಹೆಂಗಸು. ದೋಸೆ ತಿನ್ನುತ್ತ ಮಾತಾಡುತ್ತ ಅವರ ಕಣ್ಣು ಆಗಾಗ ಮೇಜಿನ ಕೆಳಗೆ ಇಳಿಯುತ್ತಿತ್ತು. ಕಾಪಿ ಮುಗಿದ ಮೇಲೆ ಕೈ ಒರೆಸಿಕೊಂಡು, "ಹಾಗಾದ್ರೆ ಮನೆಗೆ ಹೋಗುವ" ಎಂದರು.

ಅಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಮನೆಗಾ? ಇವತ್ತು ಬೇಡ ಅಕ್ಕ, ಇನ್ನೊಂದು ಸಲ ಪುರುಸೊತ್ತಿನಲ್ಲಿ ಬರ್ತೇವೆ."

"ನೀವು ಗುರುವಾಯನಕೆರೆಯ ಮೂಲಕ ಹೋದ್ರೆ ವೇಣೂರು ದಾರಿಯಲ್ಲೇ ಉಂಟಲ್ಲ. ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಹುಡುಗಿಯನ್ನು ನೋಡ್ಬೇಕು ಅಂತ ಕಾಯ್ತಾ ಇದ್ದಾರೆ. ಅವರ ಮಾತು ಮೀರುವುದು ಹೇಗೆ?"

ಹಾಸಿಗೆ ಹಿಡಿದ ಮುದುಕಿಯನ್ನು ಯಾರು ಬೇಡ ಎಂದಾರು? ಎರಡು ಕಾರು ಹೊರಟವು, ಮುಂದೆ ನಮ್ಮದು, ಹಿಂದೆಯೇ ಅವರದು. ಭಾವ ಸ್ಟಿಯರಿಂಗು ಹಿಡಿದು, "ಪಂಕ್ಚರ್ ಆಯ್ತು ಅಂತ ಹೇಳುವುದಾ?" ಎಂದರು.

"ಅವರ ಕಾರಿನಲ್ಲಿ ಕೂರಿಸಿಕೊಂಡು ಹೋಗ್ತಾರೆ," ಎಂದಳು ಅಕ್ಕ. "ಕಾಲು ಉಳುಕಿದೆ ಅಂತ ಹೇಳು ಮಗಾ, ಜಗಲಿಯಲ್ಲೇ ಕೂತ್ಕೋ."

"ಅಂಗಡಿಯ ಹತ್ತಿರ ಒಮ್ಮೆ ನಿಲ್ಲಿಸಿ ಭಾವ," ಎಂದೆ ನಾನು. "ಹೊಲಿದದ್ದು ಇಲ್ಲದಿದ್ದರೆ ಬೇಡ, ಇದನ್ನೇ ಕತ್ತರಿಸಿ ಕೊಡ್ತೇನೆ."

"ಅವರು ಹಿಂದೆ ಕೂತು ನೋಡ್ತಾ ಇರುವಾಗಲಾ?"

ಹುಡುಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮೆಲ್ಲಗೆ ಹೇಳಿದಳು, "ಅಮ್ಮ, ನಾನು ಎಷ್ಟು ಎತ್ತರ ಅಂತ ಅವರಿಗೆ ಗೊತ್ತುಂಟು. ನಾನೇ ಹೇಳಿದ್ದು. ಅವರಿರ್ತಾರೆ ಅಲ್ಲಿ."

ಹುಡುಗನನ್ನು ನಂಬಿದ ಅವಳ ಧೈರ್ಯವೆಲ್ಲ ಆ ಕೊನೆಯ ಮಾತಿನಲ್ಲಿತ್ತು.

ಮೊಬೈಲಿನಲ್ಲಿ ಜೀನ್ಸಿನ ಪಾಠ ಹೇಳುವವರು ಚಪ್ಪಲಿ ಹಾಕಿಕೊಂಡೇ ಸೋಫಾದಲ್ಲಿ ಕೂರುತ್ತಾರೆ, ಅಡುಗೆಕೋಣೆಯಲ್ಲಿ ನಿಲ್ಲುತ್ತಾರೆ. ನಮ್ಮಲ್ಲಿ ಹೊಸ್ತಿಲ ಆಚೆಗೆ ಚಪ್ಪಲಿ ಇಲ್ಲ. ಎಷ್ಟು ದೊಡ್ಡ ಬಂಗ್ಲೆಯಾದರೂ, ಎಷ್ಟು ಸಲ ದುಬೈಗೆ ಹೋಗಿ ಬಂದವರಾದರೂ ಮೆಟ್ಟಿಲಿನ ಬುಡದಲ್ಲಿ ಕಳಚಬೇಕು, ನಳ್ಳಿಯಲ್ಲಿ ಕಾಲು ತೊಳೆಯಬೇಕು. ಇದು ಅಕ್ಕನಿಗೆ ಗೊತ್ತಿಲ್ಲದ್ದಲ್ಲ. ಎತ್ತರ ಬೇಕೆಂಬ ಆಸೆಯಲ್ಲಿ ಮನೆ ಎಂಬುದೊಂದು ಉಂಟು ಎನ್ನುವುದನ್ನೇ ಮರೆತಿದ್ದಳು.

ವೇಣೂರಿನ ಆ ಮನೆಯ ಅಂಗಳದಲ್ಲಿ ಅವಳು ಒಂದೊಂದೇ ಕಾಲಿನಿಂದ ಚಪ್ಪಲಿ ಕಳಚಿ ಕೆಳಗಿಳಿದಳು. ಇಳಿದಳು ಎಂದೇ ಹೇಳಬೇಕು. ಜೀನ್ಸಿನ ಬುಡ ನೆಲದ ಮೇಲೆ ಸುತ್ತಲೂ ಹರಡಿ ಪಾದವನ್ನು ಮುಚ್ಚಿತು. ಕಾಲು ತೊಳೆಯುವಾಗ ಅದು ನೀರು ಕುಡಿಯಿತು. ಚಾವಡಿಯೊಳಗೆ ನಡೆದು ಬರುವಾಗ ಹಿಂದೆ ಒದ್ದೆ ಗೆರೆ ಎಳೆದುಕೊಂಡು ಬಂತು. ಒಳಗೆ ಹುಡುಗನ ಮಾವಂದಿರು, ಅತ್ತೆಯರು ಎಲ್ಲ ಸೇರಿದ್ದರು.

ಹುಡುಗನ ತಾಯಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ಕೋಪವೇನೂ ಇರಲಿಲ್ಲ, ಗೆದ್ದವರ ಪ್ರೀತಿ ಇತ್ತು. "ಅಯ್ಯೋ ಮಗಾ, ಚಪ್ಪಲಿ ಮಾತ್ರ ಹೊರಗೆ ಬಿಡ್ಲಿಕ್ಕೆ ಇದ್ದದ್ದು. ಕಾಲನ್ನು ಸಹ ಅಲ್ಲೇ ಬಿಟ್ಟು ಬಂದ್ಯಾ?"

"ಇರ್ಲಿ ಬಿಡಿ ಅಕ್ಕ," ಎಂದರು ಒಬ್ಬ ಮಾವ. "ಚಾವಡಿ ಒರೆಸಿದ ಹಾಗೆ ಆಯ್ತು."

ಚಾವಡಿಯೆಲ್ಲ ನಕ್ಕಿತು. ಎಲ್ಲರಿಗಿಂತ ದೊಡ್ಡದಾಗಿ ನಕ್ಕವಳು ಅಕ್ಕ. ಕುತ್ತಿಗೆಯ ನರ ಬಿಗಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಹುಡುಗನನ್ನೇ ನೋಡುತ್ತಿದ್ದೆ. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಮೊದಲೇ ಗೊತ್ತಿತ್ತು ಅಮ್ಮ, ಎಂದಿದ್ದರೆ ಸಾಕಿತ್ತು. ಅವಳೂ ಅವನನ್ನೇ ನೋಡುತ್ತಿದ್ದಳು. ಅವನು ತಾಯಿಯ ಮುಖ ನೋಡಿದ, ಆಮೇಲೆ ನೆಲದ ಒದ್ದೆ ಗೆರೆಯನ್ನು ನೋಡಿದ, ಮತ್ತೆ ಅವನೂ ನಕ್ಕ.

ಅವಳು ಬಗ್ಗಿ ಜೀನ್ಸಿನ ಬುಡವನ್ನು ಮಡಚಿದಳು. ಒದ್ದೆ ಬಟ್ಟೆ, ದಪ್ಪ ದಪ್ಪವಾಗಿ ಮಡಚಿಕೊಂಡಿತು. ಹಾಗೆಯೇ ಬೆಂಚಿನ ಮೇಲೆ ಕುಳಿತು ಕೊಟ್ಟದ್ದನ್ನು ಕುಡಿದಳು. ಹಾಸಿಗೆ ಹಿಡಿದ ಅಜ್ಜಿ ಮಲಗಿದ್ದಾರೆ, ಎಬ್ಬಿಸುವುದು ಬೇಡ ಎಂದರು. ನಾವು ಅವರನ್ನು ನೋಡಲೇ ಇಲ್ಲ.

ನಾನು ವೇಣೂರಿನಿಂದ ಬಸ್ಸು ಹಿಡಿದು ಮರಳಿದೆ. ಇದು ಮುರಿಯಿತು ಎಂದುಕೊಂಡೇ ಬಂದೆ. ಮುರಿಯಲಿಲ್ಲ. ನೆಂಟಸ್ತಿಕೆಯವರು ಫೋನು ಮಾಡಿ, ಅವರಿಗೆಲ್ಲ ಒಪ್ಪಿಗೆ ಎಂದರು. ಹುಡುಗಿ ತಾಳ್ಮೆಯವಳು, ಮಾತು ಸಹಿಸುತ್ತಾಳೆ ಎಂದು ಹುಡುಗನ ತಾಯಿ ಮೆಚ್ಚಿಕೊಂಡರಂತೆ. ಮಂಟಪದಲ್ಲಿ ಮಾತ್ರ ಎತ್ತರದ ಚಪ್ಪಲಿ ಇರಲಿ, ಫೋಟೊ ಚಂದ ಬರಬೇಕು ಎಂದರಂತೆ. ಅಕ್ಕ ನನಗೆ ಫೋನು ಮಾಡಿ, "ನೋಡಿದೆಯಾ, ನಾನು ಮಾಡಿದ್ದು ಹಾಳಾಗಲಿಲ್ಲ" ಎಂದಳು.

ಹುಡುಗಿ ಅಂಗಡಿಗೆ ಬಂದಳು, ಕೈಯಲ್ಲಿ ಒಗೆದು ಒಣಗಿಸಿದ ಆ ಉದ್ದ ಜೀನ್ಸು. ಕತ್ತರಿಸಲಿಕ್ಕೆ ತಂದಿರಬೇಕು ಎಂದು ನಾನು ಟೇಪು ಎತ್ತಿಕೊಂಡೆ.

"ಕತ್ತರಿಸುವುದು ಬೇಡ ಚಿಕ್ಕಮ್ಮ. ಬುಡದ ಹೊಲಿಗೆ ಬಿಟ್ಟಿದೆ, ಅಷ್ಟು ಹಾಕಿ ಕೊಡಿ."

ಮೆಶಿನಿನ ಮುಂದೆ ಕುಳಿತು ಕೇಳಿದೆ, "ಅವನು ನಕ್ಕದ್ದು ನೀನು ನೋಡಿದ್ದೀಯಲ್ಲ?"

"ನೋಡಿದೆ. ಅಮ್ಮನೂ ನಕ್ಕರಲ್ಲ ಚಿಕ್ಕಮ್ಮ. ಅಮ್ಮನನ್ನು ಬಿಡ್ಲಿಕ್ಕೆ ಆಗ್ತದಾ?"

"ಆಮೇಲೆ ಎಂತ ಹೇಳಿದ?"

"ಸಾರಿ ಹೇಳಿದ್ರು." ಅವಳು ಜೀನ್ಸಿನ ಬುಡವನ್ನು ಬೆರಳಿನಿಂದ ಸವರಿದಳು. "ಇದರಲ್ಲಿ ನೀನು ಚಂದ ಕಾಣ್ತಿ, ಮೊದಲೇ ಯಾಕೆ ಹಾಕ್ಲಿಲ್ಲ ಅಂತ ಸಹ ಹೇಳಿದ್ರು."

ನಾನು ಹೊಲಿಗೆ ಹಾಕಿ ಕೊಟ್ಟೆ. ಈ ಮದುವೆ ಬೇಡ ಎಂದು ನೀನು ಹೇಳಲಿಲ್ಲವೇ ಎಂದು ಯಾರಾದರೂ ಕೇಳಿಯಾರು. ಹೇಳಿದೆ. ಆ ದಿನವೂ ಹೇಳಿದೆ, ಆಮೇಲೆಯೂ ಹೇಳಿದೆ. ಅವಳಿಗೆ ಅವನು ಬೇಕಾಗಿದ್ದ. ಬೇಕಾದದ್ದು ಸಿಗುವಾಗ ಅದರ ಜೊತೆಗೆ ಬಂದದ್ದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಮದುವೆ ಬಂಟ್ವಾಳದ ಒಂದು ಹಾಲಿನಲ್ಲಿ ಆಯಿತು. ಈಗ ಅವಳು ಶಾರ್ಜಾದಲ್ಲಿ. ಫೋಟೊ ಕಳುಹಿಸುತ್ತಾಳೆ. ಗಂಡನ ಹೆಗಲಿನ ಹತ್ತಿರಕ್ಕೆ ತಲೆ ಬಂದಿರುತ್ತದೆ, ಸೊಂಟ ಮೇಲಿರುತ್ತದೆ, ಕುರ್ತಿ ಒಳಗಿರುತ್ತದೆ. ನಾನು ಹೇಳಿಕೊಟ್ಟದ್ದು ಒಂದೂ ತಪ್ಪಿಲ್ಲ. ಮೊನ್ನೆ ಫೋನು ಮಾಡಿದ್ದಳು. ಹೊಸ ಜೀನ್ಸು ತೆಗೆದುಕೊಂಡಿದ್ದಾಳಂತೆ, ಅಲ್ಲಿಯ ದರ್ಜಿಗೆ ಎಷ್ಟು ಉದ್ದ ಹೇಳಬೇಕು ಎಂದು ಕೇಳಿದಳು.

"ಚಪ್ಪಲಿ ಹಾಕಿಕೊಂಡು ನಿಂತ್ಕೋ," ಎಂದೆ. "ಹಿಂದಿನ ಬದಿ ನೆಲದಿಂದ ಒಂದು ಅಕ್ಕಿಕಾಳಿನಷ್ಟು ಮೇಲೆ ನಿಲ್ಲಬೇಕು. ಆದರೆ ಮನೆಯೊಳಗೆ ಎಳೆದಾಡೀತು ಮಗಾ. ಒಳಗೆ ಹಾಕ್ಲಿಕ್ಕೆ ಬೇರೊಂದು ಗಿಡ್ಡದ್ದು ಮಾಡಿಸಿ ಇಟ್ಕೋ."

ಫೋನಿನಲ್ಲಿ ಅವಳ ಹಿಂದೆ ನಳ್ಳಿಯ ಸದ್ದು, ಪಾತ್ರೆಯ ಸದ್ದು ಕೇಳುತ್ತಿತ್ತು. ನೆಲದ ಮೇಲೆ ಟಕಟಕ ಎಂಬ ಇನ್ನೊಂದು ಸದ್ದೂ ಇತ್ತು, ಅದೇನೆಂದು ನನಗೆ ಆಗ ಹೊಳೆಯಲಿಲ್ಲ.

"ಇಲ್ಲಿ ಒಳಗೆ ಹಾಕ್ಲಿಕ್ಕೆ ಬೇರೆ ಜೊತೆ ಚಪ್ಪಲಿ ಉಂಟು ಚಿಕ್ಕಮ್ಮ. ಅಷ್ಟೇ ಎತ್ತರದ್ದು."

"ಅಡುಗೆ ಮಾಡುವಾಗ ಸಹ?"

"ಅಭ್ಯಾಸ ಆಯ್ತು."

"ಹಾಗಾದರೆ ಒಂದೇ ಅಳತೆ ಸಾಕು," ಎಂದೆ.