ರಕ್ತದಲ್ಲಿ ಏರಿದ ತಾಮ್ರ

ನನ್ನ ಅತ್ತೆ ದಿನಾ ಬೆಳಿಗ್ಗೆ ಮಿಶ್ರಿ ಉಜ್ಜುತ್ತಿದ್ದರು. ಹೊಗೆಸೊಪ್ಪನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಒಸಡಿಗೆ ತಿಕ್ಕಿಕೊಳ್ಳುವುದು ನಮ್ಮ ಬಸವಕಲ್ಯಾಣದ ಕಡೆ ಎಷ್ಟೋ ಹೆಂಗಸರಿಗೆ ಚಹಾಕ್ಕಿಂತ ಮೊದಲಿನ ಕೆಲಸ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅವರ ಕೆಳಗಿನ ಒಸಡಿನಲ್ಲಿ ಒಂದು ಹುಣ್ಣಾಯಿತು. ಜೇನುತುಪ್ಪ ಹಚ್ಚಿದರು, ಜಾಲಿ ತೊಗಟೆ ಕುದಿಸಿದ ನೀರಿನಿಂದ ಬಾಯಿ ಮುಕ್ಕಳಿಸಿದರು. ಹುಣ್ಣು ಮಾಯಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗತೊಡಗಿದ ಮೇಲೆ ನನ್ನ ಗಂಡ ಬಟ್ಟೆ ಅಂಗಡಿಗೆ ಬೀಗ ಹಾಕಿ ನಮ್ಮಿಬ್ಬರನ್ನೂ ಹೈದರಾಬಾದಿನ ದವಾಖಾನೆಗೆ ಕರೆದುಕೊಂಡು ಹೋದರು.

ಕ್ಯಾನ್ಸರ್ ಅಂದರು. ಕರೆಂಟ್ ಕೊಡಬೇಕು, ಅಂದರೆ ಕಿರಣದಿಂದ ಹುಣ್ಣನ್ನು ಸುಡಬೇಕು ಅಂದರು.

ಅಲ್ಲಿ ಗುಲಬರ್ಗಾ ಕಡೆಯ ಒಬ್ಬ ಲೇಡಿ ಡಾಕ್ಟರ್ ಇದ್ದರು. ಕನ್ನಡ ಕೇಳಿದ್ದೇ ಅತ್ತೆಗೆ ಅರ್ಧ ಜೀವ ಬಂದಂತಾಯಿತು. ಮನುಷ್ಯರ ರಕ್ತದಲ್ಲಿ ತಾಮ್ರ, ಸತುವು ಇಷ್ಟಿಷ್ಟೇ ಇರುತ್ತವೆ, ಈ ರೋಗ ಬಂದವರಲ್ಲಿ ಅದರ ಲೆಕ್ಕ ಏರುಪೇರಾಗುತ್ತದೆಯೋ ಏನೋ ಎಂದು ತಾವು ಪರೀಕ್ಷೆ ಮಾಡುತ್ತಿರುವುದಾಗಿ ಅವರು ಹೇಳಿದರು. ಹೋಲಿಸಿ ನೋಡಲು ಅದೇ ಮನೆಯ ನೀರು ಕುಡಿದ, ಅದೇ ಅನ್ನ ಉಂಡ, ರೋಗವಿಲ್ಲದವರ ರಕ್ತವೂ ಬೇಕಿತ್ತು. ನಾನು ತೋಳು ಚಾಚಿದೆ.

ಮುಂದಿನ ಸಲ ಹೋದಾಗ ಡಾಕ್ಟರು ನನ್ನನ್ನು ಬದಿಗೆ ಕರೆದರು. ಅತ್ತೆಯ ರಕ್ತದಲ್ಲಿ ತಾಮ್ರ ಏರಿತ್ತು, ಅದನ್ನು ಅವರು ನಿರೀಕ್ಷಿಸಿದ್ದರು. ನನ್ನದೂ ಏರಿತ್ತು.

"ತಾಮ್ರ ಏರಿದ್ರ ಅದೇ ರೋಗ ಅಂತ ಹೇಳಾಕ ಬರಂಗಿಲ್ಲ," ಅಂದರು. "ಬ್ಯಾರೆ ಕಾರಣಕ್ಕೂ ಏರತದ. ಹೆದರಬ್ಯಾಡ್ರಿ."

ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಮುಟ್ಟು ಸರಿಯಾಗಿದೆಯೇ ಎಂದು ಕೇಳಿದರು. ಎರಡನೆಯ ಮಗ ಹುಟ್ಟಿದಂದಿನಿಂದ ನನ್ನ ಮುಟ್ಟಿಗೆ ಕ್ರಮವೇ ಇರಲಿಲ್ಲ, ಅದನ್ನೇ ಹೇಳಿದೆ. ಇನ್ನೊಮ್ಮೆ ರಕ್ತ ನೋಡೋಣ ಅಂದರು.

ಹೆದರಬೇಡ ಎಂದು ಡಾಕ್ಟರು ಹೇಳಿದ ಮೇಲೆಯೇ ನನಗೆ ಹೆದರಿಕೆ ಹತ್ತಿದ್ದು. ಕನ್ನಡಿಯ ಮುಂದೆ ಬಾಯಿ ತೆರೆದು ನಾಲಿಗೆ ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಕಾಲೆಳೆದುಕೊಂಡು ನಡೆಯುವಷ್ಟು ದಣಿವು. ಒಂದೊಂದೂ ರೋಗದ ಗುರುತೇ ಎನಿಸಿತು. ನೀರು ತುಂಬುವ ತಾಮ್ರದ ಕೊಡವನ್ನು ಅತ್ತೆ ಅಟ್ಟಕ್ಕೆ ಹಾಕಿಸಿ, ಮಣ್ಣಿನ ಗಡಿಗೆ ತರಿಸಿದರು. ಕೊಡಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಗಂಡ ಹೇಳಿದರೂ ಕೇಳಲಿಲ್ಲ. ನನ್ನ ಹುಡುಗರಿಬ್ಬರು ಆಡುವುದನ್ನು ನೋಡುತ್ತ, ಇವರಿಗೆ ಯಾರು ಗತಿ ಎಂದು ಚಿಂತಿಸುತ್ತಿದ್ದೆ.

ಮತ್ತೆ ಹೈದರಾಬಾದಿಗೆ ಹೊರಟಾಗ ಹುಮನಾಬಾದಿನ ನನ್ನ ತವರಿನಲ್ಲಿ ಇಳಿದುಕೊಂಡೆವು. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದದ್ದೇ ತಡ, ನಾನು ಓಕರಿಸುತ್ತ ಹಿತ್ತಲಿಗೆ ಓಡಿದೆ. ಹಿಂದೆಯೇ ಬಂದ ಅವ್ವ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ರೋಗ ಅಲ್ಲ ಏನಲ್ಲ. ನೀ ಬಸುರಿ ಇದ್ದಿ," ಅಂದಳು.

ದವಾಖಾನೆಯಲ್ಲಿ ಅದೇ ನಿಜವಾಯಿತು. ಬಸುರಿಯರಲ್ಲಿ ತಾಮ್ರ ತಾನಾಗಿಯೇ ಏರುತ್ತದೆಂದು ಡಾಕ್ಟರು ವಿವರಿಸಿದರು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಅತ್ತೆ ಕರೆಂಟಿನಿಂದ ಸುಟ್ಟ ಬಾಯಿಯಲ್ಲೇ ನಕ್ಕರು.

ಕರೆಂಟ್ ಮುಗಿದ ಮೇಲೆ ಅವರ ಹುಣ್ಣು ಒಣಗಿತು. ತಾಮ್ರವೂ ಇಳಿಯಿತು. ನನಗೆ ಹೆಣ್ಣು ಕೂಸು ಹುಟ್ಟಿತು. ಅತ್ತೆ ಮಿಶ್ರಿ ಬಿಟ್ಟಿದ್ದರು. ಕೈಗೆ ಕೆಲಸ ಬೇಕೆಂಬಂತೆ ಕೂಸನ್ನು ಕೆಳಗಿಳಿಸುತ್ತಲೇ ಇರಲಿಲ್ಲ.

ಕೂಸು ಬೋರಲು ಬೀಳುವ ಹೊತ್ತಿಗೆ ತಪಾಸಣೆಗೆ ಹೋದೆವು. ಡಾಕ್ಟರು ಬಾಯಿ ನೋಡಿದರು, ಹಿರಿಯ ಡಾಕ್ಟರನ್ನೂ ಕರೆದು ತೋರಿಸಿದರು. ಎಲ್ಲೂ ಏನೂ ಇಲ್ಲ. ಆದರೆ ರಕ್ತದಲ್ಲಿ ತಾಮ್ರ ಮತ್ತೆ ಏರಿತ್ತು. ಇದರಿಂದಲೇ ಏನನ್ನೂ ಹೇಳಲಾಗದು, ಆದರೂ ಬೇಗ ಬೇಗ ಬಂದು ತೋರಿಸಿ ಅಂದರು. ಹಾಗೆ ಅನ್ನುವಾಗ ಅವರ ಬೆರಳುಗಳು ಅತ್ತೆಯ ದವಡೆಯ ಕೆಳಗೆ ಮತ್ತೆ ಮತ್ತೆ ತಡವುತ್ತಿದ್ದುದನ್ನು ನಾನು ನೋಡಿದೆ.

ಬಸ್ಸಿನಲ್ಲಿ ಊರಿಗೆ ಹೊರಟೆವು. ಜಹೀರಾಬಾದ್ ದಾಟಿದ ಮೇಲೆ ಅತ್ತೆ ನನ್ನ ಕೈ ಹಿಡಿದರು.

"ನಿಂದೂ ಹೀಂಗೇ ಏರಿತ್ತಲ್ಲ. ಏನಾತು? ಕೂಸು ಬಂತು. ರಕ್ತ ನೋಡೋ ಆ ಮಷೀನು ಸುಳ್ಳ ಹೇಳ್ತದ."

"ಹೌದ್ರಿ ಅತ್ತಿ," ಅಂದೆ.

ಮನೆಗೆ ಬಂದವರಿಗೆಲ್ಲ ಅವರು ನನ್ನ ತಾಮ್ರದ ಕಥೆ ಹೇಳುತ್ತಿದ್ದರು. ಕೇಳಿದವರು ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ನನ್ನ ಲೆಕ್ಕ ಸುಳ್ಳಾಯಿತೆಂಬ ಒಂದೇ ಎಳೆಯನ್ನು ಹಿಡಿದು ಅವರು ನೇತಾಡುತ್ತಿದ್ದಾರೆ, ಎಳೆ ಕಡಿದರೆ ಹೇಗೆ ಎನಿಸುತ್ತಿತ್ತು. ಅವರು ಲಿಂಗಪೂಜೆಗೆ ಕುಳಿತಾಗ, ಎಲೆ ಅಡಿಕೆ ಬೇಡವೆಂದಾಗ, ನೀರು ಕುಡಿದು ಒಂದು ಕ್ಷಣ ತಡೆದಾಗ, ನನ್ನ ಕಣ್ಣು ಅವರ ದವಡೆಗೇ ಹೋಗುತ್ತಿತ್ತು.

ಒಂದು ದಿನ ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಕಿವಿಯ ಹಿಂದಿನಿಂದ ಬೆರಳು ಜಾರಿ ದವಡೆಯ ಕೆಳಗೆ ಹೋಯಿತು. ಅಲ್ಲಿ ಹುಣಸೆಬೀಜದಷ್ಟು ಗಟ್ಟಿ ಗಂಟು. ನನ್ನ ಕೈ ನಿಂತುಹೋಯಿತು.

"ಸಿಕ್ತೇನು?" ಅತ್ತೆ ಹಿಂದೆ ತಿರುಗಲಿಲ್ಲ. "ನನಗ ಮೊದಲೇ ಸಿಕ್ಕದ. ಕೂಸಿನ ಜವಳ ಆಗೂತನಕ ನಿನ್ನ ಗಂಡಗ ಹೇಳಬ್ಯಾಡ."

ಬೇಡಿಕೊಂಡೆ, ಸಿಟ್ಟು ಮಾಡಿದೆ. ಅವರು ಜಗ್ಗಲಿಲ್ಲ. ಸಂಜೆ ಗಂಡ ಅಂಗಡಿಯಿಂದ ಬಂದಾಗ ನಾನೇ ಹೇಳಿಬಿಟ್ಟೆ. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಸೀರೆ ಗಂಟು ಕಟ್ಟಿಕೊಂಡು, ನಡೀರಿ ಹೋಗೂಣು ಅಂದರು.

ಹೈದರಾಬಾದಿನಲ್ಲಿ ಡಾಕ್ಟರು ಗಂಟು ಮುಟ್ಟಿ ನೋಡಿ, ರೋಗ ಮರಳಿದೆ ಅಂದರು. ಆ ಜಾಗಕ್ಕೆ ಮತ್ತೆ ಕರೆಂಟ್ ಕೊಡಲು ಬರುತ್ತಿರಲಿಲ್ಲ. ಆಪರೇಷನ್ ತಡೆಯುವಷ್ಟು ಶಕ್ತಿ ಅತ್ತೆಯ ಮೈಯಲ್ಲಿ ಉಳಿದಿರಲಿಲ್ಲ. ತಾಮ್ರ ಮೊದಲೇ ಹೇಳಿತ್ತಲ್ಲ ಎಂದು ನನ್ನ ಗಂಡ ಕೇಳಿದರು. ಹೇಳಿತ್ತು, ಆದರೆ ಯಾರಿಗೆ ನಿಜ, ಯಾರಿಗೆ ಸುಳ್ಳು ಎಂದು ಗುರುತಿಸುವುದು ತಮಗಿನ್ನೂ ಗೊತ್ತಿಲ್ಲ ಎಂದು ಡಾಕ್ಟರು ಮೆಲ್ಲಗೆ ಒಪ್ಪಿಕೊಂಡರು.

ಜವಳವನ್ನು ನಾವು ಗೊತ್ತುಮಾಡಿದ ದಿನಕ್ಕಿಂತ ಬೇಗ ಮಾಡಿದೆವು. ಅತ್ತೆ ಗೋಡೆಗೆ ಒರಗಿ ಕುಳಿತು, ಬೋಳು ತಲೆಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಆಗಲೇ ಅವರಿಗೆ ಮಾತು ನಿಂತಿತ್ತು. ಶ್ರಾವಣಕ್ಕೆ ಮೊದಲೇ ಹೋದರು. ಮೋರಖಂಡಿ ದಾರಿಯ ನಮ್ಮ ಹೊಲದಲ್ಲಿ, ಮಾವನ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಿದೆವು.