ಬಿಚ್ಚಪ್ಪನೂ ನಿಲ್ಲದ ಏಸಿಯೂ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಬೀದಿಗೆಲ್ಲ ಅವನು ಬಿಚ್ಚಪ್ಪ. ಬಸ್ ಡಿಪೋದಲ್ಲಿ ಟೈರ್ ಬಿಚ್ಚಿ ಹಾಕುವ ಕೆಲಸ. ಮನೆಗೆ ಬಂದ ಮೇಲಾದರೂ ಕೈ ಸುಮ್ಮನಿರಬೇಕಲ್ಲ? ಚೆನ್ನಾಗಿ ತಿರುಗುವ ಫ್ಯಾನನ್ನೂ ಬಿಚ್ಚುತ್ತಿದ್ದ, "ಹೇಗೆ ಇಷ್ಟು ಚೆನ್ನಾಗಿ ತಿರುಗ್ತಿದೆ, ನೋಡೋಣ" ಅಂತ. ಅವನ ಕೈಗೆ ಸಿಕ್ಕ ಮಿಕ್ಸಿ ರುಬ್ಬುವುದು ಬಿಟ್ಟು ಕಟ್ಟೆಯ ಮೇಲೆ ಓಡಾಡಲು ಕಲಿಯಿತು. ಗಡಿಯಾರ ಜೋಡಿಸಿದ ಮೇಲೆ ಒಂದು ಹಿಡಿ ಸ್ಕ್ರೂ ಉಳಿದಾಗ, "ಕಂಪನಿಯವರು ಜಾಸ್ತಿ ಹಾಕಿರ್ತಾರೆ" ಅಂದ. ಏನು ಧೈರ್ಯ!

ಬೇಸಿಗೆಗೆ ಅತ್ತೆ ಬಂದರು. ಅವರ ಕೋಣೆಗೆ ಯಾರೋ ಬಳಸಿ ಬಿಟ್ಟ ಹಳೇ ಏಸಿ ಬಂತು. ಕೋಣೆ ತಂಪಾದರೆ ಹೊರಗಿನ ಯಂತ್ರ ಟಕ್ ಅಂತ ನಿಲ್ಲಬೇಕು. ಇದು ನಿಲ್ಲಲೇ ಇಲ್ಲ. ಗೊರಗೊರ ಅನ್ನುತ್ತಲೇ ಇತ್ತು, ತಂಪು ಮಾತ್ರ ಅಷ್ಟಕ್ಕಷ್ಟೇ.

ಭಾನುವಾರ ಬಿಚ್ಚಪ್ಪ ಮುಚ್ಚಳ ತೆಗೆದ. ಜಾಲರಿಯ ತುಂಬ ಕಂಬಳಿ ಹೊದಿಸಿದಂತೆ ಧೂಳು. ತೊಳೆದ, ಒಣಗಿಸಿ ಹಾಕಿದ. ಗಾಳಿ ಜೋರಾಗಿ, ತಣ್ಣಗೆ ಬಂತು. ಅಲ್ಲಿಗೆ ಎದ್ದು ಹೋಗಿದ್ದರೆ ಮುಗಿಯುತ್ತಿತ್ತು.

ಹೋಗಲಿಲ್ಲ. ಡಿಪೋದಲ್ಲಿ ಒಂದು ಕಟ್ಟುನಿಟ್ಟು ಇದೆ: ಚಕ್ರ ಬಿಚ್ಚಿದ ಬಸ್ಸು ಜಾಕಿಯಿಂದ ಇಳಿಯುವ ತನಕ ಒಬ್ಬನೂ ಕದಲಬಾರದು, ಲೈಟು ಆರಿಸಬಾರದು. ಅದನ್ನೇ ಮನೆಗೂ ತಂದ. ಬಸ್ಸಿನಡಿ ಹಿಡಿಯುವ, ಮುಟ್ಟಿದರೆ ಚುರ್ ಅನ್ನುವ ದೊಡ್ಡ ಬಲ್ಬನ್ನು ಏಸಿಯ ನೆತ್ತಿಗೇ ನೇತುಹಾಕಿ, ಬಾಗಿಲು ಮುಚ್ಚಿ, "ಇದು ನಿಲ್ಲೋ ತನಕ ಯಾರೂ ಅಲ್ಲಾಡಬೇಡಿ" ಅಂದ.

"ಸಂಜೆ ಗುಜರಿಯವನು ಬರ್ತಾನೆ," ಅಂದಳು ಹೆಂಡತಿ. "ಅಷ್ಟರಲ್ಲಿ ಇದು ನಿಂತರೆ ಸರಿ. ಇಲ್ಲಾಂದ್ರೆ ನಿಮ್ಮ ರಿಪೇರಿ ಸಾಮಾನಿನ ಪೆಟ್ಟಿಗೆ ಅವನ ಗಾಡಿಗೆ. ನನಗೂ ಸಾಕಾಗಿದೆ ರೀ."

ಬಿಚ್ಚಪ್ಪ ಪೆಟ್ಟಿಗೆಯನ್ನು ಕಾಲ ಬಳಿಗೆ ಎಳೆದುಕೊಂಡ. ಆ ಪೆಟ್ಟಿಗೆ ಅವನ ಮದುವೆಗಿಂತ ಹಳೆಯದು.

ನೋಡಲು ಬಂದ ಪಕ್ಕದ ಮನೆಯ ಟೈಲರೂ ಸಿಕ್ಕಿಹಾಕಿಕೊಂಡ. ಸುಮ್ಮನೆ ಕೂರುವುದೇಕೆಂದು ಇಸ್ತ್ರಿಪೆಟ್ಟಿಗೆ ತರಿಸಿಕೊಂಡು ಪ್ಯಾಂಟು ಉಜ್ಜತೊಡಗಿದ. ಅತ್ತೆ ಮಂಚದ ಮೇಲೆ ರಗ್ಗಿನೊಳಗೆ ಗಂಟುಮೂಟೆಯಾಗಿದ್ದರು. ಏಸಿ ನಿಲ್ಲಲಿಲ್ಲ.

"ನಿಲ್ಲೋ! ಕೈ ಅಡ್ಡ ಹಾಕಿದ್ರೆ ಬಸ್ಸೇ ನಿಲ್ಲುತ್ತೆ, ನಿನಗೇನು ಧಾಡಿ?" ಬಿಚ್ಚಪ್ಪ ಕೈ ಅಡ್ಡ ಹಾಕಿಯೂ ನೋಡಿದ.

"ಅಣ್ಣಾ, ಎಲ್ಲರೂ ಹೀಗೆ ಗುರಾಯಿಸಿದ್ರೆ ನಾಚಿಕೆ ಆಗುತ್ತೇನೋ," ಅಂದ ಟೈಲರ್.

"ನಾಚೋಕೆ ಇದೇನು ಮದುಮಗಳೇನೋ? ನೀನು ಪ್ಯಾಂಟು ನೋಡ್ಕೋ, ಸುಟ್ಟೀಯ!"

ಬೀದಿಯಲ್ಲಿ ಗುಜರಿಯವನ ಗಂಟೆ ಕೇಳಿಸಿತು. ಬಿಚ್ಚಪ್ಪ ಪೆಟ್ಟಿಗೆಯನ್ನು ಕೂಸಿನಂತೆ ಕಂಕುಳಿಗೆ ಎತ್ತಿಕೊಂಡ.

ರಗ್ಗಿನೊಳಗಿಂದ ಅತ್ತೆಯ ತಲೆ ಹೊರಬಂತು. "ಅಳಿಯಂದ್ರೇ, ಕಾಲು ಮಂಜುಗಡ್ಡೆ ಆಗಿದೆ, ನಿಮ್ಮ ಬಲ್ಬಿಗೆ ಕಣ್ಣು ಉರೀತಿದೆ. ಸಾಯೋಕೆ ಮೊದಲೇ ಎರಡೂ ಲೋಕ ತೋರಿಸಿಬಿಟ್ರಿ. ಆ ಲೈಟು ಕಿತ್ತುಕೊಂಡು ಎಲ್ಲರೂ ಆಚೆ ನಡೀರಿ!"

ಹೆಂಡತಿ ಬಲ್ಬಿನ ಪ್ಲಗ್ ಎಳೆದಳು. ಪೊರಕೆ ಹಿಡಿದು ಗಂಡನನ್ನೂ ಟೈಲರನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಹೊರದಬ್ಬಿ, ತಾನೂ ಆಚೆ ಬಂದು ಬಾಗಿಲು ಎಳೆದುಕೊಂಡಳು. ಹೊಸಿಲಲ್ಲಿ ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ. ಬಿಚ್ಚಪ್ಪ ಪೆಟ್ಟಿಗೆ ಬಿಡ. ಅವನು ಎಳೆದ, ಇವನು ಎಳೆದ, ಟೈಲರ್ ಯಾವ ಕಡೆ ಅಂತ ತಿಳಿಯದೆ ನಡುವೆ ಹಿಡಿದ. ಹೀಗೆ ಜಗ್ಗಾಟ ಸಾಗಿರುವಾಗಲೇ...

ಟಕ್.

ಗೊರಗೊರ ನಿಂತಿತು. ಇಡೀ ಮನೆಗೆ ಕಿವುಡು ಬಡಿದಂತಾಯಿತು.

"ಕೇಳಿಸ್ತಾ? ಜಾಲರಿ ತೊಳೆದಿದ್ದು ಯಾರು?" ಬಿಚ್ಚಪ್ಪ ಕುಣಿದ.

"ತೊಳೆದಿದ್ದೂ ನೀವೇ, ಅದರ ನೆತ್ತಿ ಮೇಲೆ ಕೆಂಡ ನೇತುಹಾಕಿದ್ದೂ ನೀವೇ! ಬೆಂಕಿ ಇಟ್ರೆ ಅದಕ್ಕೆ ಕೋಣೆ ತಂಪಾಗಿದೆ ಅಂತ ಹೇಗ್ರೀ ಗೊತ್ತಾಗಬೇಕು? ನೀವು ಆಚೆ ಹೋದ್ರಿ, ಅದು ನಿಂತಿತು," ಅಂದಳು ಹೆಂಡತಿ.

ಒಳಗಿಂದಲೇ ಅತ್ತೆ ತೀರ್ಪು ಕೊಟ್ಟರು: "ಸಂಜೆಯೊಳಗೆ ನಿಂತಿದೆಯಲ್ಲ, ಮಾತು ಅಂದ್ರೆ ಮಾತು. ಪೆಟ್ಟಿಗೆ ಮನೇಲಿರಲಿ. ರಿಪೇರಿ ಇದ್ದಾಗ ಅಳಿಯಂದ್ರು ಆಚೆ ಇರಲಿ."

ಅಂದಿನಿಂದ ಆ ಮನೆಯಲ್ಲಿ ಏನೇ ಕೆಟ್ಟರೂ ಬಿಚ್ಚಪ್ಪ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಾನೆ, ಗಂಭೀರವಾಗಿ, ಕೆಲಸ ಮಾಡುವವನ ಹಾಗೆ. ಸಾಮಾನ್ಯವಾಗಿ ಸರಿಹೋಗುತ್ತದೆ. ಮೊನ್ನೆ ಟೈಲರನ ಹೊಲಿಗೆ ಯಂತ್ರ ಕಚ್ಚಿಕೊಂಡಿತಂತೆ. ಓಡಿ ಬಂದು ಕರೆದ:

"ಅಣ್ಣಾ, ಸ್ವಲ್ಪ ಬಂದು ನಮ್ಮನೆ ಆಚೆ ನಿಂತ್ಕೊಳ್ತೀಯಾ?"

ಬಿಚ್ಚಪ್ಪ ಪೆಟ್ಟಿಗೆ ಎತ್ತಿಕೊಂಡ.