ಕೊಟ್ಟಿಗೆಯಲ್ಲೊಂದು ಗರಗಸದ ಗಾಡಿ

ನಲವತ್ತೆಂಟು ತುಂಬಿದ ದಿನ ನನಗೆ ನಾನೇ ಒಂದು ಮೈಟರ್ ಸಾ ತಂದುಕೊಂಡೆ. ಮರವನ್ನು ಬೇಕಾದ ಕೋನಕ್ಕೆ ನೇರವಾಗಿ ತುಂಡರಿಸುವ ಕರೆಂಟಿನ ಗರಗಸ ಅದು. ಲೋಹದ ಪೀಠದ ಮೇಲೆ ಹಲ್ಲುಹಲ್ಲಿನ ದುಂಡು ತಟ್ಟೆ. ಹಿಡಿಕೆ ಹಿಡಿದು ಕೆಳಕ್ಕಿಳಿಸಿದರೆ ಮರ ಎರಡು ತುಂಡು.

ಇಪ್ಪತ್ತು ವರ್ಷಕ್ಕೂ ಮೇಲೆ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುವುದೇ ನನ್ನ ಕೆಲಸ. ‘ಮೊದಲು ಸ್ವಿಚ್ ಆರಿಸಿ, ನಂತರ ಮುಚ್ಚಳ ತೆಗೆಯಿರಿ’ ಎಂದು ಪುಟಗಟ್ಟಲೆ ಬರೆದವಳು, ಸ್ವಂತ ಕೈಯಿಂದ ಒಂದು ಯಂತ್ರದ ಮುಚ್ಚಳವನ್ನೂ ತೆಗೆದವಳಲ್ಲ. ಹಿಂದಿನ ವರ್ಷ ಭಾನುವಾರದ ಮರಗೆಲಸದ ತರಗತಿಗೆ ಸೇರಿ ಒಂದು ಮಣೆ, ಎರಡು ಸ್ಟೂಲು, ಸ್ವಲ್ಪ ಓಲಾಡುವ ಒಂದು ಪುಸ್ತಕದ ಕಪಾಟು ಮಾಡಿದ್ದೆ. ಕಪಾಟು ಓಲಾಡಿದರೂ ಅದರಷ್ಟು ಚೆಂದದ ಕಪಾಟು ಊರಲ್ಲಿಲ್ಲ ಅನಿಸಿಬಿಟ್ಟಿತ್ತು.

ಕಾಡುಗೋಡಿಯಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟು. ಗರಗಸವನ್ನು ಬಾಲ್ಕನಿಯಲ್ಲಿಟ್ಟು ಒಂದೇ ಒಂದು ಹಲಗೆ ಕೊಯ್ದೆ. ಕೆಳಗಿನ ಮನೆಯವರು ಮೇಲೆ ಬಂದರು, ಮೇಲಿನ ಮನೆಯವರು ಕೆಳಗೆ ಬಂದರು. ಎರಡೂ ಕಡೆಯವರಿಗೆ ಕಾಫಿ ಕೊಟ್ಟು ಕ್ಷಮೆ ಕೇಳಿ ಕಳಿಸಿದ್ದಾಯಿತು. ಮರದ ಪುಡಿ ಗಾಳಿಗೆ ಹಾರಿ, ಒಣಹಾಕಿದ್ದ ನನ್ನ ಗಂಡನ ಬಿಳಿ ಅಂಗಿಗಳ ಮೇಲೆಲ್ಲ ಕೂತಿತ್ತು. ಅವರು ಧಾರವಾಡದ ಕಡೆಯವರು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗ ನೋಡಿಕೊಳ್ಳುತ್ತಾರೆ. ಅಂಗಿ ಕೊಡವುತ್ತಾ ಕೇಳಿದರು:

“ಅಲ್ಲ, ಮನಿಯೊಳಗ ಗರಗಸ ಇಟ್ಕೊಂಡು ಸಂಸಾರ ಮಾಡೂದು ಹೆಂಗ?”

“ಅದನ್ನೇ ನಾನೂ ಯೋಚ್ನೆ ಮಾಡ್ತಿದೀನಿ ಕಣ್ರೀ,” ಅಂದೆ.

ಉತ್ತರ ಸಿಕ್ಕಿದ್ದು ಹಾಲಿನ ಅಜ್ಜಿಯ ಹತ್ತಿರ. ನಮ್ಮ ಕಟ್ಟಡದ ಹಿಂದಿನ ಹಳೇ ಊರಿನ ಬೀದಿಯಲ್ಲಿ ಆಕೆಯ ಮನೆ. ಸುತ್ತಲಿನವರೆಲ್ಲ ಕೊಟ್ಟಿಗೆ ಕೆಡವಿ ಬಾಡಿಗೆ ರೂಮು ಕಟ್ಟಿದ್ದರೂ ಅಜ್ಜಿ ಮಾತ್ರ ಕೊಟ್ಟಿಗೆಯನ್ನೂ ಒಂದು ಹಸುವನ್ನೂ ಉಳಿಸಿಕೊಂಡಿದ್ದರು. ನಮ್ಮ ಮನೆಗೆ ಹಾಲು ಅಲ್ಲಿಂದಲೇ. ಒಂದು ಬೆಳಗ್ಗೆ ಪಾತ್ರೆ ಹಿಡಿದು ನಿಂತಿದ್ದಾಗ ಕೊಟ್ಟಿಗೆ ಖಾಲಿ ಇದ್ದದ್ದು ಕಣ್ಣಿಗೆ ಬಿತ್ತು. ಹಸು ಮೇಯಲು ಹೋಗಿತ್ತು. ಗಟ್ಟಿ ಗೋಡೆ, ಮೇಲೆ ಶೀಟು, ನೆಲಕ್ಕೆ ಕಲ್ಲು ಚಪ್ಪಡಿ, ಗಾಳಿ ಬೆಳಕು ಎರಡೂ ಇವೆ.

“ಅಜ್ಜಿ, ಶನಿವಾರ ಭಾನುವಾರ ಹಗಲು ಹೊತ್ತು ನಾನಿಲ್ಲಿ ಮರಗೆಲಸ ಮಾಡ್ಲಾ? ಬಾಡಿಗೆ ಕೊಡ್ತೀನಿ.”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀನಾ? ಮರಗೆಲ್ಸಾನಾ?” ಅಂದರು. ಆಮೇಲೆ ನಗು ತಡೆದುಕೊಂಡು, “ಬಾಡಿಗೆ ಯಾಕಮ್ಮ? ಗೋದಲಿ ಅಲಗೆ ಲಡ್ಡಾಗೋಗೈತೆ. ಅದೊಂದ್ ಆಕ್ಕೊಡು, ಸಾಕು. ಆದ್ರೆ ಒಂದ್ ಮಾತು. ಐದು ಗಂಟೆಗೆ ಅಸು ಬತ್ತದೆ. ಅಷ್ಟೊತ್ಗೆ ನಿನ್ ಸಾಮಾನೆಲ್ಲ ಎತ್ಬುಡ್ಬೇಕು. ಅದರ ಜಾಗ ಅದ್ಕೆ ಬೇಕು,” ಅಂದರು.

ಮುಂದಿನ ಶನಿವಾರವೇ ಹಸು ಮೇವು ತಿನ್ನುವ ಗೋದಲಿಗೆ ಹೊಸ ಹಲಗೆ ಹಾಕಿದೆ. ಅಜ್ಜಿ ಅದರ ಮೇಲೆ ಕೈಯಾಡಿಸಿ, ಒಳಗೆ ಹೋಗಿ ಚೊಂಬಿನ ತುಂಬ ಮಜ್ಜಿಗೆ ತಂದುಕೊಟ್ಟರು. ನನ್ನ ಕಾರ್ಯಾಗಾರ ಶುರುವಾದದ್ದು ಹಾಗೆ.

ತೊಂದರೆ ಇದ್ದದ್ದು ಆ ಐದು ಗಂಟೆಯಲ್ಲಿ. ಗರಗಸ ಒಂದು ಅಕ್ಕಿ ಮೂಟೆಯಷ್ಟು ಭಾರ. ಬೆಳಗ್ಗೆ ಅಜ್ಜಿಯ ಹಜಾರದಿಂದ ಅದನ್ನು ಹೊತ್ತು ಅಂಗಳ ದಾಟಿ ಕೊಟ್ಟಿಗೆಗೆ ತಂದು ನೆಲದ ಮೇಲಿಡಬೇಕು, ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡಬೇಕು, ಸಂಜೆ ಮತ್ತೆ ಹೊತ್ತು ಹಜಾರ ಸೇರಿಸಬೇಕು. ಮೂರು ವಾರಕ್ಕೆ ನನ್ನ ಸೊಂಟ ಹಿಡಿದುಕೊಂಡಿತು. ಆಫೀಸಿನಲ್ಲಿ ಕುರ್ಚಿಯಿಂದ ಏಳುವಾಗ ನಾನು ಮಾಡುತ್ತಿದ್ದ ಶಬ್ದ ಕೇಳಿ ಪಕ್ಕದವರು ತಿರುಗಿ ನೋಡುತ್ತಿದ್ದರು. ಆಗ ನಿರ್ಧಾರ ಮಾಡಿದೆ: ಗರಗಸಕ್ಕೆ ಗಾಲಿ ಇರುವ ಒಂದು ಸ್ಟ್ಯಾಂಡು ಬೇಕು. ತಳ್ಳಿಕೊಂಡು ಬರಬೇಕು, ನಿಂತು ಕೊಯ್ಯಬೇಕು, ತಳ್ಳಿಕೊಂಡು ಹೋಗಬೇಕು.

ಕೈಪಿಡಿ ಬರೆಯುವವಳ ಬುದ್ಧಿ ಎಲ್ಲಿಗೆ ಹೋದೀತು? ನಾಲ್ಕು ಹಾಳೆಗಳಲ್ಲಿ ನಕ್ಷೆ ಬರೆದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಅಳತೆಗಳನ್ನೆಲ್ಲ ಜೋಡಿಸಿ, ಹಂತ ಒಂದು, ಹಂತ ಎರಡು ಎಂದು ಹನ್ನೊಂದು ಹಂತ ಮಾಡಿ, ಕೆಂಪು ಶಾಯಿಯಲ್ಲಿ ಎಚ್ಚರಿಕೆಗಳನ್ನೂ ಸೇರಿಸಿದೆ. ಹೊಸಕೋಟೆ ರಸ್ತೆಯ ಅಂಗಡಿಯಿಂದ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಒಡೆದು ಮಾರುವ ಮರವನ್ನು ಆಟೋದಲ್ಲಿ ಹೇರಿಕೊಂಡು ಬಂದೆ. ಹಾಳೆಗಳನ್ನು ಗೋದಲಿಯ ಅಂಚಿನಲ್ಲಿ ಇಟ್ಟು, ಗಾಳಿಗೆ ಹಾರದಂತೆ ಸುತ್ತಿಗೆ ಹೇರಿ, ಮರಕ್ಕೆ ಗುರುತು ಹಾಕುತ್ತಾ ಕೂತೆ.

ಹಸು ಅಂದು ನಾಲ್ಕಕ್ಕೇ ಬಂತು. ನನ್ನ ಬೆನ್ನು ಬಾಗಿಲಿಗಿತ್ತು. ಪರಪರ ಎಂಬ ಸದ್ದಿಗೆ ತಿರುಗಿ ನೋಡಿದರೆ ಸುತ್ತಿಗೆ ನೆಲದಲ್ಲಿತ್ತು, ಎರಡು ಹಾಳೆ ಆಗಲೇ ಹೊಟ್ಟೆ ಸೇರಿದ್ದವು, ಮೂರನೆಯದರ ಒಂದು ಮೂಲೆ ಬಾಯಿಂದಾಚೆ ಅಲ್ಲಾಡುತ್ತಿತ್ತು.

“ಅಜ್ಜೀ! ನನ್ನ ಪ್ಲಾನು ತಿಂದ್ಬಿಡ್ತು!”

ಅಜ್ಜಿ ಓಡಿಬಂದವರು ಮೊದಲು ಹಸುವಿನ ಬಾಯಿ ಬಿಡಿಸಿ ಉಳಿದ ಚೂರು ಎಳೆದರು. “ಇಷಗಿಷ ಏನೂ ಇಲ್ವಲ್ಲ ಕಾಗದ್ದಲ್ಲಿ?” ಎಂದು ಕೇಳಿದರು. ಬರೀ ಅಳತೆ ಮತ್ತು ಶಾಯಿ ಎಂದೆ. ಆಮೇಲೆ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾನೂ ಅವರ ಪಕ್ಕ ಕೂತು ನಕ್ಕೆ. ಹಸು ನಮ್ಮಿಬ್ಬರನ್ನೂ ನೋಡುತ್ತಾ ಮೆಲುಕು ಹಾಕತೊಡಗಿತು.

“ಒಲೆ ಕಟ್ಟೆ ಕಟ್ಟುವಾಗ ನಾವು ಯಾವ್ ಕಾಗ್ದ ನೋಡ್ತಿದ್ವಿ?” ಅಂದರು ಅಜ್ಜಿ. “ಎದ್ದು ನಿಂತ್ಕ. ಕೈ ಇಂಗೆ ಮಡಚು. ಮೊಣಕೈಗಿಂತ ಒಸಿ ಕೆಳೀಕೆ ಬರಬೇಕು ನಿನ್ ಮಿಸನ್ನು. ಅಂಗಿದ್ರೆ ರಟ್ಟೆ ನೋಯಾಕಿಲ್ಲ.”

ಎದ್ದು ನಿಂತೆ. ಅಜ್ಜಿ ಒಂದು ರೀಪಿನ ಪಟ್ಟಿಯನ್ನು ನನ್ನ ಪಕ್ಕ ನಿಲ್ಲಿಸಿ ಇದ್ದಿಲಿನಿಂದ ಗೆರೆ ಎಳೆದರು. ಉಳಿದಿದ್ದ ನಾಲ್ಕನೇ ಹಾಳೆಯ ಲೆಕ್ಕಕ್ಕೆ ಹೋಲಿಸಿದರೆ ಅಜ್ಜಿಯ ಗೆರೆ ಐದಾರು ಇಂಚು ಕೆಳಗಿತ್ತು. ಇಂಟರ್ನೆಟ್ಟಿನ ಆ ಸ್ಟ್ಯಾಂಡು ಆರಡಿ ಗಂಡಸಿಗೆ ಮಾಡಿದ್ದು. ನಾನು ಐದಡಿ. ಆ ನಕ್ಷೆಯಂತೆ ಮಾಡಿದ್ದರೆ ಗರಗಸದ ಹಿಡಿಕೆ ನನ್ನ ಮೂಗಿನ ಮಟ್ಟಕ್ಕೆ ಬರುತ್ತಿತ್ತು. ನಾಲ್ಕನೇ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದೆ.

ಎರಡು ವಾರಾಂತ್ಯದಲ್ಲಿ ಚೌಕಟ್ಟು ನಿಂತಿತು. ನಾಲ್ಕು ದಪ್ಪ ಕಾಲು, ಅವುಗಳನ್ನು ಸುತ್ತ ಬಿಗಿದ ಅಡ್ಡಪಟ್ಟಿಗಳು, ಮೇಲೊಂದು ಪ್ಲೈವುಡ್ ಹಾಸು, ಕೆಳಗೆ ಸಾಮಾನಿಡಲು ಇನ್ನೊಂದು. ಎಡಬಲಕ್ಕೆ ಕೀಲು ಹಾಕಿದ ಎರಡು ರೆಕ್ಕೆ. ಉದ್ದದ ಮರ ಕೊಯ್ಯುವಾಗ ಎತ್ತಿ ನಿಲ್ಲಿಸಿದರೆ ಅದಕ್ಕೆ ಆಸರೆ, ಕೆಲಸ ಮುಗಿದ ಮೇಲೆ ಇಳಿಬಿಟ್ಟರೆ ಗಾಡಿ ಬಾಗಿಲಲ್ಲಿ ಸಲೀಸಾಗಿ ಹಾಯುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ನಾಲ್ಕು ಗಾಲಿ ತಂದು ಕಾಲಿನಡಿಗೆ ಜೋಡಿಸಿ, ಗರಗಸವನ್ನು ಮೇಲೆ ಕೂರಿಸಿ ಬೋಲ್ಟು ಬಿಗಿದೆ. “ಅಜ್ಜಿ, ಬನ್ನಿ, ನೋಡಿ!” ಎಂದು ಕೂಗಿ ತಳ್ಳಿದೆ.

ಎರಡು ಹೆಜ್ಜೆ ಉರುಳಿ ಗಾಡಿ ನಿಂತುಬಿಟ್ಟಿತು. ಚಪ್ಪಡಿಗಳ ಸಂದಿಗೆ ಗಾಲಿ ಸಿಕ್ಕಿಕೊಂಡಿತ್ತು. ಬಿಡಿಸಿ ತಳ್ಳಿದರೆ ಗಂಜಲ ಹರಿಯುವ ಕಾಲುವೆಗೆ ಮುಂದಿನ ಗಾಲಿಗಳು ಇಳಿದು ಇಡೀ ಗಾಡಿ ಮುಗ್ಗರಿಸಿತು. ನಾನು ಹಿಂದಿನಿಂದ ತಬ್ಬಿ ಹಿಡಿದೆ. ಅಜ್ಜಿ ಮುಂದಿನಿಂದ ಭುಜ ಕೊಟ್ಟರು. ಇಬ್ಬರೂ ಏದುಸಿರು ಬಿಡುತ್ತಾ ಅದನ್ನು ನೆಟ್ಟಗೆ ನಿಲ್ಲಿಸಿದ ಮೇಲೆ ಅಜ್ಜಿ ಬಗ್ಗಿ ಗಾಲಿಗಳನ್ನು ನೋಡಿದರು.

“ಅಲ್ಲ ಕಣಮ್ಮ, ಎಮ್ಮೆ ಮೈಗೆ ಇಲಿ ಕಾಲು ಇಕ್ಕಿದ್ದೀಯಲ್ಲ!”

ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದೆ. ಅಲ್ಲಿಯವರೆಗೂ ಅವರು ಈ ವಿಷಯದಲ್ಲಿ ಅಂಗಿ ಕೊಡವುವುದಕ್ಕಷ್ಟೇ ಸೀಮಿತವಾಗಿದ್ದರು. ಆದರೆ ‘ಗಾಲಿ ಸಿಕ್ಕಿಕೊಂಡಿತು’ ಎಂಬ ಮಾತು ಕಿವಿಗೆ ಬಿದ್ದದ್ದೇ ಟಿವಿಯ ಸದ್ದು ಇಳಿಸಿದರು. ನೆಲ ಎಂಥದ್ದು, ಸಂದಿ ಎಷ್ಟಗಲ, ಕಾಲುವೆ ಎಷ್ಟು ಆಳ, ಒಟ್ಟು ಭಾರ ಎಷ್ಟು ಎಂದು ಒಂದೊಂದಾಗಿ ಕೇಳಿದರು. ಇಷ್ಟು ಆಸ್ಥೆಯಿಂದ ಅವರು ನನ್ನನ್ನು ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತೋ.

“ಸಣ್ಣ ಗಾಲಿ ನಡ್ಯಂಗಿಲ್ಲ. ನಮ್ಮ ಫ್ಯಾಕ್ಟರಿ ಕಡೆ ಗುಜರಿ ಅಂಗಡ್ಯಾಗ ಟ್ರಾಲಿ ಗಾಲಿ ಸಿಗ್ತಾವ. ನೋಡ್ತೀನಿ ತಡಿ,” ಅಂದರು.

ಶುಕ್ರವಾರ ಸಂಜೆ ಅವರು ಕಾಡುಗೋಡಿ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ಬಂದಾಗ ಭುಜ ಒಂದು ಕಡೆ ವಾಲಿತ್ತು. ಕೈಚೀಲದಲ್ಲಿ ಗೇಣಗಲದ ನಾಲ್ಕು ರಬ್ಬರಿನ ಗಾಲಿ, ಅವುಗಳಲ್ಲಿ ಎರಡಕ್ಕೆ ಕಾಲಿನಿಂದ ಒತ್ತುವ ಬ್ರೇಕು. ಯಾವುದೋ ಕಾರ್ಖಾನೆಯ ಹಳೇ ಟ್ರಾಲಿಯಿಂದ ಕಳಚಿದ್ದು. ಪೀಣ್ಯದ ನಿಲ್ದಾಣದಲ್ಲಿ ತಪಾಸಣೆಯವರು ಚೀಲ ನಿಲ್ಲಿಸಿದ್ದರಂತೆ.

“ಏನ್ ಸಾರ್ ಇದು?”

“ಗಾಲಿರೀ.”

“ಗಾಡಿ ಎಲ್ಲಿ?”

“ಮನ್ಯಾಗ ಹೆಂಡ್ತಿ ಮಾಡಾಕತ್ತಾಳ.”

ತಪಾಸಣೆಯವರು ನಕ್ಕು ಬಿಟ್ಟುಬಿಟ್ಟರಂತೆ. ಇದನ್ನು ಹೇಳುವಾಗ ನನ್ನ ಗಂಡನ ಮುಖದಲ್ಲಿದ್ದ ಹೆಮ್ಮೆ ಗಾಲಿಯದ್ದೋ ಹೆಂಡತಿಯದ್ದೋ ಎಂದು ನಾನು ಕೇಳಲಿಲ್ಲ.

ಮರುದಿನ ಮೊದಲ ಬಾರಿಗೆ ಅವರೂ ಕೊಟ್ಟಿಗೆಗೆ ಬಂದರು. ಹಳೇ ಅಂಗಿ ಹಾಕಿಕೊಂಡು, ಕೈಯಲ್ಲಿ ತಮ್ಮ ಸ್ವಂತ ಸ್ಪಾನರು ಹಿಡಿದುಕೊಂಡು. ಗಾಲಿ ದೊಡ್ಡದಾದ್ದರಿಂದ ಗಾಡಿಯ ಎತ್ತರ ಹೆಚ್ಚುತ್ತಿತ್ತು. ಅಷ್ಟೇ ಪ್ರಮಾಣದಲ್ಲಿ ಕಾಲು ಮೊಟಕುಮಾಡಬೇಕು. ಗರಗಸವನ್ನು ಕೆಳಗಿಳಿಸಿ, ಸ್ಕ್ರೂ ಬಿಚ್ಚಿ, ನಾಲ್ಕೂ ಕಾಲನ್ನು ಅದರಲ್ಲೇ ಕೊಯ್ದೆ. ತನ್ನ ಗಾಡಿಯ ಕಾಲನ್ನು ಗರಗಸ ತಾನೇ ಕತ್ತರಿಸಿಕೊಂಡಿತು. ನಾಲ್ಕು ತುಂಡನ್ನೂ ಸಾಲಾಗಿ ನಿಲ್ಲಿಸಿ ಮೇಲೆ ಬೆರಳಾಡಿಸಿದರೆ ಒಂದು ಕೂದಲಿನಷ್ಟೂ ಏರುಪೇರಿರಲಿಲ್ಲ. ಗಂಡ ತಾವೂ ಬೆರಳಾಡಿಸಿ, “ಫ್ಯಾಕ್ಟರ್‍ಯಾಗ ಇಷ್ಟು ಚೊಲೋ ಬರಂಗಿಲ್ಲ,” ಅಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನಗೆ ಕೊಟ್ಟ ಹೊಗಳಿಕೆಗಳಲ್ಲಿ ಇದನ್ನು ತುಂಬ ಮೇಲಿಟ್ಟಿದ್ದೇನೆ.

ಕಾಲುಗಳ ಅಡಿಗೆ ದಪ್ಪ ಹಲಗೆ ಕೊಟ್ಟು ಗಾಲಿಗಳನ್ನು ಬೋಲ್ಟಿನಿಂದ ಕೂರಿಸಿದೆವು. ನಾನು ಹಿಡಿದೆ, ಅವರು ಬಿಗಿದರು. ರೆಕ್ಕೆಗಳು ಗರಗಸದ ಪೀಠದ ಮಟ್ಟಕ್ಕೆ ಸರಿಯಾಗಿ ಬರಬೇಕು, ಇಲ್ಲದಿದ್ದರೆ ಉದ್ದದ ಮರ ಸೊಟ್ಟಗೆ ಕೊಯ್ದುಕೊಳ್ಳುತ್ತದೆ. ಅಜ್ಜಿ ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ, “ಎಡಗಡೆ ಇಳಿದದೆ,” ಅಂದರು. ಗಂಡನಿಗೆ ನಂಬಿಕೆ ಬರಲಿಲ್ಲ. ರಸಮಟ್ಟ ಇಟ್ಟು ನೋಡಿದರು. ಗಾಳಿಗುಳ್ಳೆ ಮೆಲ್ಲಗೆ ಒಂದು ಪಕ್ಕಕ್ಕೆ ಸರಿಯಿತು. ಎಡಗಡೆ ಒಂದು ರಟ್ಟಿನ ಚೂರಿನಷ್ಟು ಇಳಿದಿತ್ತು. ಒಂದು ರಟ್ಟಿನ ಚೂರನ್ನೇ ಮಡಚಿ ಕೀಲಿನಡಿಗೆ ಕೊಟ್ಟೆವು.

“ಅಜ್ಜಿ, ನಿಮ್ಮ ಕಣ್ಣು ನಮ್ಮ ಕಾರ್ಖಾನಿಗೆ ಬೇಕ್ರಿ,” ಅಂದರು ಇವರು.

“ಈಗ ಯಾಕಪ್ಪ? ಒಂದ್ ಮೂವತ್ ವರ್ಸದಿಂದೆ ಕರೀಬೇಕಿತ್ತು,” ಎಂದು ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. “ಸರ್ಕಳಿ, ನಾನ್ ತಳ್ತೀನಿ.”

ತಳ್ಳಿದರು. ಗಾಡಿ ಸಂದಿ ಸಿಕ್ಕಲ್ಲೆಲ್ಲ ದಡ್ ದಡ್ ಎಂದು ಸದ್ದು ಮಾಡಿತು, ಆದರೆ ಎಲ್ಲೂ ನಿಲ್ಲಲಿಲ್ಲ. ಕಾಲುವೆಯ ಹತ್ತಿರ ನಾನು ಹಿಡಿಯಲು ಕೈ ಚಾಚಿದೆ. ಗಾಲಿ ಇಳಿದೇ ಇಲ್ಲವೇನೋ ಎಂಬಂತೆ ದಾಟಿಬಿಟ್ಟಿತು. ಅಜ್ಜಿ ಬಾಗಿಲು ದಾಟಿ, ಅಂಗಳ ದಾಟಿ, ಹಜಾರದ ಮೆಟ್ಟಿಲಿನ ಪಕ್ಕದ ಇಳಿಜಾರು ಹತ್ತಿಸಿ, ಬ್ರೇಕಿನ ಮೇಲೆ ಕಾಲಿಟ್ಟು ನಿಂತು ನಮ್ಮ ಕಡೆ ತಿರುಗಿ ನೋಡಿದರು. ನಾನು ಚಪ್ಪಾಳೆ ತಟ್ಟಿದೆ. ಗಂಡನೂ ಸ್ಪಾನರನ್ನು ಕಂಕುಳಲ್ಲಿ ಸಿಕ್ಕಿಸಿ ಚಪ್ಪಾಳೆ ತಟ್ಟಿದರು. ಬೀದಿಯಲ್ಲಿ ಹೋಗುತ್ತಿದ್ದವರು ಏನೋ ಶುಭಕಾರ್ಯವಿರಬೇಕೆಂದು ಇಣುಕಿದರು.

ಆ ಸಂಜೆ ಹಸು ಬರುವ ಹೊತ್ತಿಗೆ ಕೊಟ್ಟಿಗೆ ಗುಡಿಸಿ ನೀರು ಚಿಮುಕಿಸಿ ಆಗಿತ್ತು.

ಆಮೇಲಿನ ವಾರಗಳಲ್ಲಿ ನನಗೊಂದು ಸಂಗತಿ ಗೊತ್ತಾಯಿತು. ಸೋಮವಾರದಿಂದ ಶುಕ್ರವಾರದವರೆಗೆ ಗಾಡಿ ಸುಮ್ಮನೆ ನಿಂತಿರುತ್ತಿರಲಿಲ್ಲ. ಕೆಳಗಿನ ಹಾಸಿನ ಮೇಲೆ ಅಜ್ಜಿ ಬೂಸಾ ಮೂಟೆ ಇಟ್ಟು ಕೊಟ್ಟಿಗೆಗೆ ತಳ್ಳಿಕೊಂಡು ಹೋಗುತ್ತಿದ್ದರು, ಹಾಲಿನ ಕ್ಯಾನು ಇಟ್ಟು ಗೇಟಿನವರೆಗೆ ತರುತ್ತಿದ್ದರು. ಗರಗಸಕ್ಕೆ ಧೂಳು ಕೂರದಿರಲಿ ಎಂದು ಹಳೇ ಸೀರೆಯೊಂದನ್ನು ಹೊಲಿದು ಮುಸುಕು ಹಾಕಿದ್ದರು. ಹಸಿರು ಅಂಚಿನ ಕೆಂಪು ಸೀರೆ. ಅದರೊಳಗೆ ಗರಗಸವಿದೆ ಎಂದು ಯಾರೂ ಹೇಳಲಾರರು.

“ಪ್ಲಗ್ಗು ಮಾತ್ರ ಹಾಕ್ಬೇಡಿ ಅಜ್ಜಿ,” ಅಂದೆ, ಕೈಪಿಡಿಯ ದನಿಯಲ್ಲಿ.

“ನಂಗೇನ್ ಬುದ್ಧಿ ಇಲ್ವಾ? ನಂಗೆ ಗಾಡಿ ಬೇಕು ಅಷ್ಟೇಯ.”

ಗಾಡಿಯನ್ನು ಗೇಟಿನ ಹತ್ತಿರ ನೋಡಿದವರಲ್ಲಿ ಮೂಲೆಯ ಇಸ್ತ್ರಿ ಅಕ್ಕನೂ ಒಬ್ಬರು. ಇಟ್ಟಿಗೆ ಪೇರಿಸಿ ಅದರ ಮೇಲೆ ಹಲಗೆ ಹಾಕಿಕೊಂಡು ಹೊಂಗೆ ಮರದ ಕೆಳಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಮಧ್ಯಾಹ್ನ ನೆರಳು ಪಕ್ಕಕ್ಕೆ ಸರಿದರೆ ಅವರು ಬಿಸಿಲಲ್ಲೇ ನಿಲ್ಲಬೇಕಿತ್ತು. ಒಂದು ಶನಿವಾರ ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತು, “ಮೇಡಂ, ನಂಗೂ ಇಂಥದ್ದೊಂದ್ ಮಾಡ್ಕೊಡ್ತೀರಾ? ಉರುಳೋ ಥರದ್ದು,” ಎಂದು ಕೇಳಿದರು.

ಒಬ್ಬರು ಬಂದು ನನ್ನ ಕೈಯಿಂದ ಒಂದು ವಸ್ತು ಮಾಡಿಸಿಕೊಳ್ಳಲು ಕೇಳಿದ್ದು ಅದೇ ಮೊದಲು. ಕಾಗದ ಪೆನ್ನು ಹುಡುಕಲಿಲ್ಲ. “ನೆಟ್ಟಗೆ ನಿಂತ್ಕೊಳ್ಳಿ ಅಕ್ಕ, ಕೈ ಹೀಗೆ ಮಡಚಿ,” ಅಂದೆ. ಅಜ್ಜಿ ಇದ್ದಿಲು ತರಲು ಒಳಗೆ ಹೋದರು. ಗಂಡ ಆಗಲೇ ಮೊಬೈಲು ಕಿವಿಗಿಟ್ಟುಕೊಂಡು ಗುಜರಿ ಅಂಗಡಿಯವನ ಹತ್ತಿರ ಇನ್ನೂ ನಾಲ್ಕು ಗಾಲಿ ಇವೆಯೇ ಎಂದು ವಿಚಾರಿಸುತ್ತಿದ್ದರು.

ಇಸ್ತ್ರಿ ಟೇಬಲ್ಲು ಮೂರು ವಾರಕ್ಕೆ ಮುಗಿಯಿತು. ಈಗ ನಾನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ ದಿನಗಳಲ್ಲಿ ಬಾಲ್ಕನಿಯಿಂದ ಕೆಳಗೆ ನೋಡುತ್ತೇನೆ. ನೆರಳು ಒಂದು ಮಾರು ಸರಿದಾಗ ಅಕ್ಕ ಬ್ರೇಕು ಬಿಚ್ಚಿ, ಬಟ್ಟೆ ಗಂಟಿನ ಸಮೇತ ಟೇಬಲ್ಲನ್ನು ಒಂದು ಮಾರು ತಳ್ಳಿ, ಮತ್ತೆ ಬ್ರೇಕು ಒತ್ತಿ, ಇಸ್ತ್ರಿಪೆಟ್ಟಿಗೆ ಎತ್ತಿಕೊಳ್ಳುತ್ತಾರೆ.